ಶಾಲು ತರುವ ಕೆಲಸ

ನಮ್ಮ ಚರ್ಚಿನಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯುವಾಗ ಬೈದು ಕಳಿಸುತ್ತಿರಲಿಲ್ಲ. ಶಾಲು ಹೊದಿಸಿ ಕಳಿಸುತ್ತಿದ್ದರು. ಆ ಶಾಲು ತರುವ ಕೆಲಸ ನನ್ನದಾಗಿತ್ತು.

ಹೈದರಾಬಾದಿನ ಹಳೆಯ ಬಡಾವಣೆಯೊಂದರ ಗಲ್ಲಿಯಲ್ಲಿ ಅದು ಕನ್ನಡದವರದೇ ಚರ್ಚು. ಬೀದರ್, ಕಲಬುರಗಿ ಕಡೆಯಿಂದ ಕೂಲಿಗೂ ನೌಕರಿಗೂ ಬಂದವರು ಸೇರಿ ಕಟ್ಟಿಕೊಂಡದ್ದು. ಆರಾಧನೆ ಕನ್ನಡದಲ್ಲಿ, ಅದು ಮುಗಿದ ಮೇಲಿನ ಹರಟೆ ತೆಲುಗಿನಲ್ಲಿ, ಜಗಳವಾದರೆ ಹಿಂದಿಯಲ್ಲಿ. ನಾನು ಅಲ್ಲಿನ ಆಫೀಸಿನಲ್ಲಿ ಗುಮಾಸ್ತೆ. ಸಂಬಳ ತೆಗೆದುಕೊಳ್ಳುವವರು ಹೆಚ್ಚು ಜನ ಇರಲಿಲ್ಲ. ಸಭಾಪಾಲಕರು, ಆರ್ಗನ್ ನುಡಿಸುವ ಮಾಸ್ತರರು, ವ್ಯಾನಿನ ಡ್ರೈವರು, ಕಸ ಗುಡಿಸುವುದರಿಂದ ಗಂಟೆ ಹೊಡೆಯುವವರೆಗೆ ಎಲ್ಲ ನೋಡಿಕೊಳ್ಳುವ ಕಾಕಾ, ಆಮೇಲೆ ನಾನು. ಇಷ್ಟರಲ್ಲಿ ಹೆಂಗಸು ನಾನೊಬ್ಬಳೇ ಆದ್ದರಿಂದ ಬಟ್ಟೆ ಅಂಗಡಿಗೆ ಹೋಗುವುದು ನನ್ನ ಪಾಲಿಗೆ ಬಂತು. ಯಾವ ಕಮಿಟಿಯಲ್ಲೂ ಇದನ್ನು ಯಾರೂ ತೀರ್ಮಾನಿಸಲಿಲ್ಲ. ಬಟ್ಟೆ ಅಂದರೆ ಹೆಂಗಸು, ಮುಗಿಯಿತು.

ಖಜಾಂಚಿಗಳು ರೈಲ್ವೆಯಿಂದ ನಿವೃತ್ತರಾದವರು, ಮಾತು ಬಹಳ ಮೆತ್ತಗೆ. ಶುಕ್ರವಾರ ಆಫೀಸಿನ ಬಾಗಿಲಲ್ಲಿ ನಿಂತು, "ಒಂದು ಶಾಲು ಬೇಕಾಗಿತ್ತಲ್ರಿ ಅಕ್ಕಾರ" ಎನ್ನುವರು. ಯಾರಿಗೆ ಎಂದು ಅವರು ಹೇಳುವುದಿಲ್ಲ, ನಾನು ಕೇಳಬಾರದು. ರವಿವಾರ ಕಾಣಿಕೆ ಎತ್ತಿದ ಮೇಲೆ ಹೆಸರು ಕೂಗುವರು. ಕೂಗಿಸಿಕೊಂಡವನಿಗೂ ಆಗಲೇ ಗೊತ್ತಾಗುವುದು. ನಮ್ಮ ಈ ಸಹೋದರನನ್ನು ದೇವರು ಬೇರೆ ಸೇವೆಗೆ ಕರೆದಿದ್ದಾನೆ ಎಂದು ಸಭಾಪಾಲಕರು ಹೇಳುವರು. ಕಮಿಟಿಯವರೆಲ್ಲ ಸುತ್ತ ನಿಂತು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವರು, ಶಾಲು ಹೊದಿಸುವರು, ಆಮೇಲೆ ಮೈಕು ಕೈಗೆ ಕೊಡುವರು. ಈಗ ಆ ಮನುಷ್ಯ ಸಾಕ್ಷಿ ಹೇಳಬೇಕು. ಎಂದರೆ ಈ ಸಭೆಯಲ್ಲಿ ದೇವರು ತನಗೆ ಮಾಡಿದ ಉಪಕಾರವನ್ನೆಲ್ಲ ನೆನೆದು, ಎಲ್ಲರಿಗೂ ವಂದನೆ ಹೇಳಬೇಕು. ಜನ ಆಮೆನ್ ಎಂದರೆ ಅಲ್ಲಿಗೆ ಅವನ ನೌಕರಿ ಮುಗಿದಂತೆ.

ವ್ಯಾನಿನ ಡ್ರೈವರನದು ನನ್ನ ಕಣ್ಣೆದುರೇ ನಡೆಯಿತು. ಪಾಪ, ಮೈಕು ಹಿಡಿದು ಗಳಗಳ ಅತ್ತ, ಸಭೆ ತನ್ನ ತಾಯಿ ಇದ್ದ ಹಾಗೆ ಎಂದ. ಮರುವಾರ, ತನ್ನನ್ನು ಯಾಕೆ ತೆಗೆದಿರಿ ಎಂದು ಕೇಳಲು ಆಫೀಸಿಗೆ ಬಂದ. ಖಜಾಂಚಿಗಳು ಅವನ ಹೆಗಲ ಮೇಲೆ ಕೈಯಿಟ್ಟು, ತಮ್ಮಾ, ನೀನೇ ಎಲ್ಲರ ಮುಂದೆ ಸಂತೋಷದಿಂದ ಸಾಕ್ಷಿ ಹೇಳಿದೆಯಲ್ಲ, ಈಗ ಹಿಂಗೆ ಕೇಳಿದರೆ ಅದು ಸುಳ್ಳು ಸಾಕ್ಷಿ ಆಗುವುದಿಲ್ಲವೇ ಎಂದರು. ಅವನು ಚಪ್ಪಲಿ ಮೆಟ್ಟಿಕೊಂಡು ಹೋದ. ಮುಂದೆ ಒಮ್ಮೆ ಸಿಗ್ನಲ್ಲಿನಲ್ಲಿ ಆಟೋ ಓಡಿಸುತ್ತಿದ್ದವನು ನನ್ನನ್ನು ಕಂಡು ಮುಖ ತಿರುಗಿಸಿದ. ಅವನ ಸಿಟ್ಟು ಸರಿಯಾದದ್ದೇ ಎಂದು ನನಗೂ ಅನ್ನಿಸಿತು.

ಶಾಲು ಕೊಳ್ಳುತ್ತಿದ್ದದ್ದು ಕಾಚಿಗೂಡ ಸ್ಟೇಷನ್ನಿನ ಹತ್ತಿರ, ಬಾಗಲಕೋಟೆ ಕಡೆಯ ಸಾವ್ಕಾರರ ಅಂಗಡಿಯಲ್ಲಿ. ಕೆನೆ ಬಣ್ಣದ ಶಾಲು, ತೆಳ್ಳನೆಯ ಜರಿ ಅಂಚು, ಯಾವಾಗಲೂ ಅದೇ. ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಅವರು ಅದನ್ನು ಎತ್ತಿ ಗಾದಿಯ ಮೇಲೆ ಹರವಿ, "ಈ ಸಲ ಯಾರಿಗ್ರಿ ಅಕ್ಕಾರ?" ಎನ್ನುವರು. ಇನ್ನೂ ಹೇಳಿಲ್ಲ ಎನ್ನುವೆ. ದುಡಿದವರಿಗೆ ಇಷ್ಟು ಕಿಮ್ಮತ್ತು ಕೊಡುವ ಜಾಗ ಈ ಊರಲ್ಲಿ ಬೇರೆ ಇಲ್ಲ ಎಂದು ಆ ಮನುಷ್ಯ ಮನಸಾರೆ ನಂಬಿದ್ದರು. ನಮ್ಮ ಮಾನ ನಾನೇಕೆ ಕಳೆಯಲಿ ಎಂದು ಸುಮ್ಮನೆ ಪೊಟ್ಟಣ ಹಿಡಿದು ಬರುತ್ತಿದ್ದೆ.

ಇದೆಲ್ಲದರ ಕೆಳಗೆ ಒಂದು ಮಾತಿತ್ತು: ಇದು ನೌಕರಿ ಅಲ್ಲ, ಸೇವೆ. ಮಗಳ ಹೆರಿಗೆಗೆ ರಜೆ ಕೇಳಿದಾಗ ನನಗೂ ಇದನ್ನೇ ಹೇಳಿದ್ದರು. ಸೇವೆಗೆ ಎಲ್ಲಿಯ ರಜೆ, ಸೇವೆಗೆ ಎಲ್ಲಿಯ ಆರ್ಡರ್ ಕಾಗದ. ಆದರೆ ತಡವಾಗಿ ಬಂದರೆ ಮಾತ್ರ ಅದು ತಟ್ಟನೆ ನೌಕರಿಯಾಗುತ್ತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಇಂಥದ್ದನ್ನು ಕಂಡಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು, ಬಾಯಿ ಮಾತ್ರ ದೇವರಿಗೆ ಸ್ತೋತ್ರ ಎನ್ನುತ್ತಿತ್ತು.

ಹೀಗಿರುವಾಗ ಕಮಿಟಿಗೆ ಹೊಸಬನೊಬ್ಬ ಬಂದ. ಗಚ್ಚಿಬೌಲಿಯ ಯಾವುದೋ ಕಂಪನಿಯಲ್ಲಿ ಎಚ್‌.ಆರ್. ಕೆಲಸದವನು, ಎಂದರೆ ನೌಕರರ ನೇಮಕ, ರಜೆ, ತಕರಾರು ನೋಡುವವನು. ನನ್ನ ಮಗಳ ವಯಸ್ಸು. ಚರ್ಚಿನ ನೌಕರರಿಗೂ ನಿಯಮ ಬೇಕು ಎಂದು ಅವನು ಹಟ ಹಿಡಿದ. ಪ್ರತಿಯೊಬ್ಬರಿಗೂ ನೇಮಕದ ಆದೇಶ ಲಿಖಿತವಾಗಿ ಕೊಡಬೇಕು. ರಜೆ ಇರಬೇಕು. ಯಾರನ್ನೇ ಆಗಲಿ ತೆಗೆಯುವ ಮುಂಚೆ ಕಾರಣ ಹೇಳಿ, ಅವರ ಮಾತು ಕೇಳಬೇಕು. ನಾನೇ ಅದನ್ನು ಕನ್ನಡದಲ್ಲಿ ಟೈಪು ಮಾಡಿದೆ. ಮಾಡುವಾಗ ಕಣ್ಣು ತುಂಬಿ ಬಂತು, ಸುಳ್ಳೇಕೆ ಹೇಳಲಿ. ಕಮಿಟಿ ಒಮ್ಮತದಿಂದ ಒಪ್ಪಿತು. ಖಜಾಂಚಿಗಳೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ತೂಗುಹಾಕಿಸಿದರು. ಅಲ್ಲಿಗೆ ನಿಯಮ ಗೋಡೆಯ ಮೇಲೆಯೇ ಉಳಿಯಿತು, ಯಾರಿಗೂ ಆದೇಶ ಬರಲಿಲ್ಲ.

ಕಾಕಾರ ಕುತ್ತು ಶುರುವಾದದ್ದು ಗಂಟೆಯಿಂದ. ಅವರು ಬೀದರ್ ಕಡೆಯವರು, ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದು, ನಮ್ಮ ಚರ್ಚಿನ ಕಾಂಪೌಂಡು ಗೋಡೆ ಕಟ್ಟುತ್ತ ಇಲ್ಲೇ ಕಾವಲಿಗೆ ನಿಂತವರು. ಚರ್ಚಿನ ಹಿಂದಿನ ಒಂಟಿ ಕೋಣೆಯಲ್ಲಿ ಹೆಂಡತಿ ಕಾಕೂನ ಜೊತೆ ವಾಸ. ಊರಿನ ಮನೆ ಅಣ್ಣತಮ್ಮಂದಿರ ಪಾಲಾಗಿ ಎಂದೋ ಬಿದ್ದುಹೋಗಿತ್ತು. ಕಾಕೂಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಸುಕಾಗಿ, ಆ ಕೋಣೆಯೊಳಗೆ ಮಾತ್ರ ಗೋಡೆ ಮುಟ್ಟಿಕೊಂಡು ಲೀಲಾಜಾಲವಾಗಿ ಓಡಾಡುತ್ತಿದ್ದರು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಕೋಣೆ ಹೋದರೆ ಈ ಇಬ್ಬರಿಗೆ ಹೈದರಾಬಾದಿನಲ್ಲಿ ನಿಲ್ಲಲು ನೆಲವಿರಲಿಲ್ಲ. ಇಷ್ಟು ನಮ್ಮ ಸಭೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಒಂದು ರವಿವಾರ ಗಂಟೆಯ ಹಗ್ಗಕ್ಕೆ ಕಾಕಾ ಕೈಹಾಕುವ ಮೊದಲೇ ಗೋಪುರದ ಮೇಲಿನ ಸ್ಪೀಕರಿನಿಂದ ಗಂಟೆ ಕೇಳಿಸಿತು. ರೆಕಾರ್ಡು ಮಾಡಿದ ಗಂಟೆ. ಕಾಕಾರಿಗೆ ತೋಳು ನೋವಲ್ಲವೇ, ಇನ್ನು ಆರಾಮಾಗಿರಲಿ ಅಂದರು ಕಮಿಟಿಯವರು. ಕಾಕಾ ಹಗ್ಗ ಹಿಡಿದುಕೊಂಡೇ ಮೇಲೆ ನೋಡುತ್ತ ನಿಂತಿದ್ದರು. ಅದಾದ ಕೆಲವು ದಿನಕ್ಕೆ ಯಾರೋ ಇಬ್ಬರು ಬಂದು ಹಿಂದಿನ ಅಂಗಳವನ್ನು ಟೇಪು ಹಿಡಿದು ಅಳೆದರು. ಗಚ್ಚಿಬೌಲಿ, ಕೊಂಡಾಪುರ ಕಡೆಗೆ ಮನೆ ಮಾಡಿದವರು ಈಗ ಕಾರಿನಲ್ಲಿ ಬರುತ್ತಾರೆ, ಗಲ್ಲಿಯಲ್ಲಿ ನಿಲ್ಲಿಸಲು ಜಾಗವಿಲ್ಲ. ಟೇಪಿನ ತುದಿ ಕೋಣೆಯ ಹೊಸ್ತಿಲು ದಾಟಿ ಒಲೆಯತನಕ ಹೋಯಿತಂತೆ. ಯಾರ್ರೀ ಅದು ಎಂದು ಕಾಕು ಕೇಳಿದರೆ, ಏನಿಲ್ಲಮ್ಮ ಎಂದು ತೆಲುಗಿನಲ್ಲಿ ಹೇಳಿ ಹೋದರಂತೆ.

ಆಮೇಲೆ ಎಲ್ಲರೂ ಕಾಕಾರನ್ನು ಪ್ರೀತಿಯಿಂದ ಮಾತಾಡಿಸತೊಡಗಿದರು. ನನಗೆ ನಿಜವಾಗಿ ಅಂಜಿಕೆ ಹುಟ್ಟಿಸಿದ್ದು ಇದು. ಎಂದೂ ಅವರ ಕಡೆ ನೋಡದವರು ಹತ್ತಿರ ಬಂದು ಊಟ ಆಯಿತೇ ಕಾಕಾ, ಊರ ಕಡೆ ಮಳೆ ಹೇಗಿದೆ ಕಾಕಾ, ವಯಸ್ಸಾದ ಮೇಲೆ ತಮ್ಮ ಜನರ ಹತ್ತಿರ ಇದ್ದರೇ ಚೆನ್ನ ಅಲ್ಲವೇ ಕಾಕಾ ಎನ್ನುವರು. ಸಭಾಪಾಲಕರು ವೇದಿಕೆಯಿಂದಲೇ ಅವರ ಆರೋಗ್ಯಕ್ಕಾಗಿ ಪ್ರಾರ್ಥಿಸಿದರು. ಕಾಕಾ ಉಬ್ಬಿಹೋದರು. ತಮ್ಮ ಹೆಸರು ಹಿಡಿದು ಪ್ರಾರ್ಥಿಸಿದರೆಂದು ಕಾಕೂಗೆ ಮತ್ತೆ ಮತ್ತೆ ಹೇಳಿದರಂತೆ. ಶಾಲು ಹೊದಿಸುವ ಮೊದಲು ಡ್ರೈವರನಿಗೂ ಆರ್ಗನ್ ಮಾಸ್ತರರಿಗೂ ಹೀಗೇ ಪ್ರಾರ್ಥನೆ ನಡೆದಿತ್ತು, ಅದು ನನಗೆ ಮರೆತಿರಲಿಲ್ಲ.

ಅದೇ ಶುಕ್ರವಾರ ಖಜಾಂಚಿಗಳು ಬಾಗಿಲಲ್ಲಿ ನಿಂತರು. "ಒಂದು ಶಾಲು ಬೇಕಾಗಿತ್ತಲ್ರಿ ಅಕ್ಕಾರ."

ಹೋದೆ, ತಂದೆ. ಮಾಸ್ತರರು ಹೋಗಿ ವರ್ಷವಾಗಿತ್ತು, ಡ್ರೈವರನ ಜಾಗದಲ್ಲಿ ಯಾರೂ ಇರಲಿಲ್ಲ, ಸಭಾಪಾಲಕರನ್ನು ಮೇಲಿನವರು ಮಾತ್ರ ಬದಲಾಯಿಸಬಲ್ಲರು. ಇನ್ನುಳಿದವರು ಯಾರು ಎಂದು ಲೆಕ್ಕ ಹಾಕಲು ಶಾಲೆ ಕಲಿಯಬೇಕಿಲ್ಲ. ಮನೆಗೆ ಹೋಗುವಾಗ ಮೆಟ್ರೋದಲ್ಲಿ ಉಪ್ಪಲ್‌ವರೆಗೆ ಆ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದೆ. ಇಷ್ಟು ದಿನ ಹೆಸರು ಗೊತ್ತಿರಲಿಲ್ಲ ಎಂಬುದೊಂದು ಆಸರೆಯಿತ್ತು, ಈಗ ಅದೂ ಇಲ್ಲ. ಹಾಳಾಗಿ ಹೋಗಲಿ ಎಂದು ಶನಿವಾರ ಮಧ್ಯಾಹ್ನ ಪೊಟ್ಟಣ ತೆಗೆದುಕೊಂಡು ನೇರ ಕಾಕಾರ ಕೋಣೆಗೆ ಹೋದೆ.

ಕಾಕು ರೊಟ್ಟಿ ಬಡಿಯುತ್ತಿದ್ದರು. ನಾನು ಶಾಲು ಬಿಚ್ಚಿ ಕಾಕಾರ ಮುಂದಿಟ್ಟೆ.

"ಯಾರಿಗೆ ತಂದಿ ಯವ್ವಾ?"

"ನಿಮಗ ಕಾಕಾ."

ಮೊದಲು ನಕ್ಕರು. ನಮ್ಮಂಥವರಿಗೆಲ್ಲಿಯ ಶಾಲು ಎಂದರು. ಆಮೇಲೆ ರೊಟ್ಟಿ ಬಡಿಯುವ ಸದ್ದು ನಿಂತದ್ದು ಅವರಿಗೂ ಕೇಳಿಸಿರಬೇಕು, ಶಾಲನ್ನು ನನ್ನ ಕಡೆಗೆ ಸರಿಸಿದರು. ಕಾಕು ನನ್ನತ್ತ ಮುಖ ತಿರುಗಿಸಿ, ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು, "ಎಲ್ಲಿಗೆ ಹೋಗೂದವ್ವಾ ನಾವು? ನನಗ ಈ ಖೋಲಿ ಬಿಟ್ರ ಎಲ್ಲಾ ಕತ್ತಲಿ" ಎಂದರು.

ಗೋಡೆಯ ಮೇಲಿನ ನಿಯಮದ ಮಾತು ಕಾಕಾರಿಗೆ ಹೇಳಿದೆ. ತೆಗೆಯುವ ಮುಂಚೆ ಕಾರಣ ಹೇಳಬೇಕು, ನಿಮ್ಮ ಮಾತು ಕೇಳಬೇಕು ಅಂತ ಬರೆದಿದ್ದಾರೆ, ಬರೆದು ಪ್ರಾರ್ಥನೆಯನ್ನೂ ಮಾಡಿದ್ದಾರೆ ಎಂದೆ. ಕಾಕಾ ನಂಬಲಿಲ್ಲ. ಸಭೆಯ ನಡುವೆ ನಿಂತು ಕೇಳಿದರೆ ದೇವರಿಗೆ ಎದುರಾಡಿದಂತೆ ಎಂಬುದು ಅವರ ಭಯ. ನನಗೆ ರೇಗಿತು. ಕಾರು ನಿಲ್ಲಿಸಲು ಜಾಗ ಬೇಕೆಂದು ದೇವರೇನು ಹೇಳಿಕಳಿಸಿಲ್ಲ ಎಂದು ಬಿರುಸಾಗಿ ಅಂದುಬಿಟ್ಟೆ. ಶಾಲು ಮಡಚಿಕೊಂಡು ಹೊರಡುವಾಗ ಇನ್ನೊಂದು ಮಾತು ಹೇಳಿದೆ.

"ಮೈಮ್ಯಾಲೆ ಬೀಳೂಕಿಂತ ಮೊದಲ ಕೇಳ್ರಿ ಕಾಕಾ. ಹೊದ್ದ ಮ್ಯಾಲೆ ಯಾರೂ ಉತ್ತರ ಕೊಡಂಗಿಲ್ಲ."

ರವಿವಾರ ಕಾಣಿಕೆ ಎತ್ತಿದ ಮೇಲೆ ಕಾಕಾರ ಹೆಸರು ಕೂಗಿದರು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಬರಿಗಾಲಲ್ಲಿ, ಕಾಕೂನ ಕೈಹಿಡಿದು ಮುಂದೆ ಹೋದರು. ಕಮಿಟಿಯವರು ಸುತ್ತುವರಿದರು. ನನಗೆ ಎಲ್ಲರ ಬೆನ್ನುಗಳ ನಡುವೆ ಕಾಕಾರ ತಲೆ ಮಾತ್ರ ಕಾಣುತ್ತಿತ್ತು. ಇನ್ನು ಮುಗಿಯಿತು, ಇವರು ಬಾಯಿ ಬಿಡುವುದಿಲ್ಲ ಎಂದುಕೊಂಡೆ. ಖಜಾಂಚಿಗಳು ಶಾಲು ಬಿಡಿಸಿ ಎತ್ತಿದಾಗ ಕಾಕಾ ಎರಡೂ ಕೈಯಿಂದ ಅದನ್ನು ಹಿಡಿದು ನಿಲ್ಲಿಸಿದರು.

"ಶಾಲು ಆಮ್ಯಾಲೆ ಹಾಕ್ರಿ. ನನ್ನ ತಪ್ಪೇನು, ಮೊದಲ ಅದನ್ನ ಹೇಳ್ರಿ. ತಪ್ಪಿಲ್ಲಂದ್ರ ಎದಕ್ಕ ಕಳಸಾಕತ್ತೀರಿ, ಅದನ್ನರ ಹೇಳ್ರಿ."

ಸಾಕ್ಷಿಗೆಂದು ಹಚ್ಚಿಟ್ಟಿದ್ದ ಮೈಕಿನಲ್ಲಿ ಅದು ಚರ್ಚು ತುಂಬ ಕೇಳಿಸಿತು. ಸಭಾಪಾಲಕರು ಖಜಾಂಚಿಗಳ ಮುಖ ನೋಡಿದರು, ಖಜಾಂಚಿಗಳು ಶಾಲಿನ ಒಂದು ತುದಿ ಹಿಡಿದುಕೊಂಡೇ ನಿಧಾನವಾಗಿ ತಿರುಗಿ, ಅಷ್ಟೊಂದು ಜನರಲ್ಲಿ ನಾನು ಕುಳಿತ ಕಡೆಗೇ ನೋಡಿದರು. ಸಿಟ್ಟಿನ ನೋಟವಲ್ಲ ಅದು. ಅಂಗಳ ಅಳೆಯಲು ಬಂದವರು ಕೋಣೆಯ ಕಡೆ ಹೀಗೇ ನೋಡಿರಬೇಕು. ಅಷ್ಟರಲ್ಲಿ ಗಚ್ಚಿಬೌಲಿಯ ಹುಡುಗ ಎದ್ದು ನಿಂತು, ಕಾಕಾ ಕೇಳುತ್ತಿರುವುದು ನಾವೇ ಮಾಡಿದ ನಿಯಮ, ಅವರ ಮಾತು ಕೇಳದೆ ಮುಂದೆ ಹೋಗಲು ಬರುವುದಿಲ್ಲ ಎಂದ. ಹಿಂದಿನ ಬೆಂಚುಗಳಿಂದ, ಮೇಸ್ತ್ರಿ ಕೆಲಸದವರು, ಮನೆಗೆಲಸದ ಹೆಂಗಸರು ಕೂರುವ ಕಡೆಯಿಂದ, ಹೌದ್ರಿ ಹೌದ್ರಿ ಎಂಬ ಮಾತು ಎದ್ದಿತು. ಸಭಾಪಾಲಕರು ಗಡಿಬಿಡಿಯಲ್ಲಿ ಆಶೀರ್ವಾದ ಹೇಳಿ ಮುಗಿಸಿದರು. ಶಾಲು ವೇದಿಕೆಯ ಮುಂದಿನ ಕಟಾಂಜನದ ಮೇಲೆ ಹಾಗೇ ಉಳಿಯಿತು.

ಆಮೇಲಿನ ಕಮಿಟಿಯಲ್ಲಿ ಕಾಕಾರನ್ನು ಕುರ್ಚಿಯ ಮೇಲೆ ಕೂರಿಸಿ ಕೇಳಿದರು. ಆ ಕುರ್ಚಿಗಳನ್ನು ಒರೆಸುತ್ತ ಬಂದವರು ಅದರ ಮೇಲೆ ಕುಳಿತದ್ದು ಅದೇ ಮೊದಲು. ಹುಡುಕಿದರೂ ತಪ್ಪು ಸಿಗಲಿಲ್ಲ. ಕಾರಿನ ವಿಷಯ ಬಾಯಿಬಿಟ್ಟು ಹೇಳಲು ಯಾರಿಗೂ ಮುಖವಿರಲಿಲ್ಲ. ಕೊನೆಗೆ ಕೈಯಲ್ಲಿ ಕಸುವಿರುವತನಕ ಕೆಲಸ, ಇಬ್ಬರೂ ಬದುಕಿರುವತನಕ ಕೋಣೆ ಎಂದು ಆದೇಶ ಬರೆದು, ಸಹಿ ಮಾಡಿ ಕೊಟ್ಟರು. ಅದನ್ನೂ ನಾನೇ ಟೈಪು ಮಾಡಿದೆ. ಕಾಕು ಗೋಧಿ ಹುಗ್ಗಿ ಮಾಡಿ, ತಡಕಾಡುತ್ತಲೇ ನನ್ನ ಬಾಯಿಗೆ ತುತ್ತು ಇಟ್ಟರು. ಅಷ್ಟು ಸಂತೋಷ ನನಗೆ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಮರುದಿನ ಖಜಾಂಚಿಗಳು ಆಫೀಸಿಗೆ ಬಂದು, ಶಾಲಿನ ಸುದ್ದಿ ಕಾಕಾರಿಗೆ ಮೊದಲೇ ಹೇಗೆ ತಿಳಿಯಿತು ಎಂದು ಕೇಳಿದರು. ನಾನೇ ಹೇಳಿದೆ ಎಂದೆ. ಹೆದರಿಕೆಯಾಗಲಿಲ್ಲ, ಹುಗ್ಗಿಯ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಅವರು ಮುಗುಳ್ನಕ್ಕರು.

"ಛಲೋ ಮಾಡಿದ್ರಿ ಅಕ್ಕಾರ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆದರೆ ದಿನ ಕಳೆದಂತೆ ಎಲ್ಲ ತಣ್ಣಗಾಯಿತು ಅನ್ನಿಸಿತು. ಗಚ್ಚಿಬೌಲಿಯ ಹುಡುಗ ಮನೆಗೆ ಹತ್ತಿರ ಎಂದು ಆ ಕಡೆಯ ಇಂಗ್ಲಿಷ್ ಚರ್ಚಿಗೆ ಹೋಗತೊಡಗಿದ. ಅವನನ್ನು ಯಾರೂ ಕಳಿಸಲಿಲ್ಲ, ಉಳಿ ಎಂದೂ ಅನ್ನಲಿಲ್ಲ. ಖಜಾಂಚಿಗಳ ಸೊಸೆ ಮನೆಯಲ್ಲಿ ಬೇಜಾರೆಂದು ಆಫೀಸಿಗೆ ಬಂದು ನನ್ನ ಪಕ್ಕ ಕೂರತೊಡಗಿದಳು. ಒಳ್ಳೆಯ ಹುಡುಗಿ, ರಸೀದಿ ಹೇಗೆ ಬರೆಯುತ್ತೀರಿ, ಕಪಾಟಿನ ಕೀಲಿ ಎಲ್ಲಿಡುತ್ತೀರಿ ಎಂದೆಲ್ಲ ಕೇಳಿ ಕಲಿತಳು. ಕಲಿಯುವ ಆಸೆ ಇದ್ದವರಿಗೆ ಕಲಿಸುವುದಕ್ಕೇನು ಎಂದು ನಾನೂ ಕಲಿಸಿದೆ. ಕಮಿಟಿಯ ಹಿರಿಯರೊಬ್ಬರು ಉಪ್ಪಲ್‌ನಿಂದ ದಿನಾ ಓಡಾಟ, ಮೆಟ್ರೋ ಮೆಟ್ಟಿಲು, ನಿಮ್ಮ ಮೊಣಕಾಲು ಹೇಗಿದೆ ಎಂದು ವಿಚಾರಿಸಿದರು. ಮಗಳು ಸೊಲ್ಲಾಪುರಕ್ಕೆ ಕರೆಯುತ್ತಿಲ್ಲವೇ ಎಂದೂ ಕೇಳಿದರು. ಕರೆಯುತ್ತಾಳೆ, ನನಗೇ ಮನಸ್ಸಿಲ್ಲ ಎಂದು ನಕ್ಕೆ.

ಒಂದು ರವಿವಾರ ಸಭಾಪಾಲಕರು ನಮ್ಮ ಸಹೋದರಿಯ ಮೊಣಕಾಲಿಗೆ ದೇವರು ಬಲ ಕೊಡಲಿ ಎಂದು ನನ್ನ ಹೆಸರು ಹಿಡಿದು ಪ್ರಾರ್ಥಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವಳು ನಾನು.

ಅಂದು ನಾನು ಎತ್ತಿಟ್ಟ ಕಾಕಾರ ಆ ಶಾಲು ನನ್ನ ಕಪಾಟಿನಲ್ಲೇ ಬಿದ್ದಿತ್ತು. ಜರಿ ಕೂಡ ಮಾಸಿರಲಿಲ್ಲ. ಚರ್ಚಿನ ವಸ್ತು ಹಾಗೇಕೆ ಹಾಳಾಗಬೇಕು, ವಾಪಸ್ ಕೊಟ್ಟುಬರೋಣ ಎಂದು ಶನಿವಾರ ಸಂಜೆ ಕಾಚಿಗೂಡಕ್ಕೆ ಹೋದೆ. ಸ್ಟೇಷನ್ನಿನ ಎದುರು ಊರಿಗೆ ಹೊರಟ ಕೂಲಿಯವರು ಚೀಲಗಳ ಮೇಲೆ ಕುಳಿತಿದ್ದರು. ಸಾವ್ಕಾರರು ಅಂಗಡಿಯ ಮುಂದೆ ನೀರು ಚಿಮುಕಿಸಿ ಊದಿನಕಡ್ಡಿ ಹಚ್ಚುತ್ತಿದ್ದರು. ನನ್ನನ್ನು ಕಂಡು ಕೂಡಿಸಿ, ಚಹಾ ತರಿಸಿ, ಶಾಲನ್ನು ತಿರುಗಿಸಿ ನೋಡಿ, ಒಮ್ಮೆಯೂ ಹೊದ್ದಿಲ್ಲವಲ್ಲ ಎಂದು ಆಶ್ಚರ್ಯಪಟ್ಟರು. ಹೊದೆಯಲಿಲ್ಲ, ಆ ಮನುಷ್ಯ ಅಲ್ಲೇ ಉಳಿದರು ಎಂದೆ. ಹಾಗೆನ್ನುವಾಗ ನನಗೆ ಸ್ವಲ್ಪ ಜಂಬವೇ ಇತ್ತು.

ಸಾವ್ಕಾರರಿಗೆ ಅದೇನೂ ತಿಳಿಯಲಿಲ್ಲ. ಅವರಿಗೆ ಬೇರೆಯೇ ಚಿಂತೆ.

"ನಿನ್ನೆ ತಂದಿದ್ರ ಬದಲಿ ಮಾಡಿ ಕೊಡತಿದ್ದೆನಲ್ರಿ ಅಕ್ಕಾರ. ನಿಮ್ಮ ಖಜಾಂಚಿಯವ್ರು ಬಂದು ಇನ್ನೊಂದು ಒಯ್ದರು."

ಚಹಾದ ಲೋಟ ಕೆಳಗಿಟ್ಟೆ. ಖಜಾಂಚಿಗಳು ತಾವಾಗಿ ಶಾಲು ಕೊಳ್ಳಲು ಬಂದದ್ದು ನಾನು ಕಂಡಿರಲಿಲ್ಲ, ಕೇಳಿರಲಿಲ್ಲ. ಇದೇ ಕೆನೆ ಬಣ್ಣದ್ದನ್ನೇ ಒಯ್ದರೇ ಎಂದು ಕೇಳಿದೆ.

"ಇಲ್ರಿ. ಇದು ಬ್ಯಾಡ, ಹೆಣ್ಣುಮಕ್ಕಳಿಗೆ ಒಪ್ಪೂ ಹಂಗ ಕೊಡ್ರಿ ಅಂದ್ರು. ಹಸರು ಬಣ್ಣದ್ದು ಕೊಟ್ಟೀನಿ, ಭಾಳ ಚಂದ ಐತಿ" ಎಂದು ಸಾವ್ಕಾರರು ಖುಷಿಯಿಂದ ನನ್ನ ಮುಖ ನೋಡಿದರು. "ಈ ಸಲ ಯಾರಿಗ್ರಿ ಅಕ್ಕಾರ?"